ಎರಡು ಪ್ಲಸ್ ಒಂದು

ಜೆಕ್ ದೇಶದ ಓಸ್ಟ್ರಾವಾ ನಗರದ ಟ್ರಾಮ್ ಚಾಲಕಿ ಬ್ಲಾಂಕಾಳ ಫ್ಲ್ಯಾಟು ‘ಎರಡು ಪ್ಲಸ್ ಒಂದು’. ಎಂದರೆ ಎರಡು ಕೋಣೆ, ಜೊತೆಗೆ ಬಾಗಿಲಿರುವ ಅಡುಗೆಮನೆ. ವಿಚ್ಛೇದನವಾದಾಗ ಕೋರ್ಟು ಅದನ್ನು ಗಂಡ ರಾಡೆಕ್‌ಗೆ ಕೊಟ್ಟು, ಬೇರೆ ಮನೆ ಸಿಗುವವರೆಗೆ ಅವಳೂ ಅಲ್ಲೇ ಇರಬಹುದು ಎಂದಿತು. ಅವಳ ಸಂಬಳಕ್ಕೆ ಎಲ್ಲೂ ಮನೆ ಸಿಗಲಿಲ್ಲ. ಕೋಣೆಗಳಿಗೆ ರಾಡೆಕ್‌ನ ಹೊಸ ಗೆಳತಿ ಇವೋನಾ ಬಂದಳು. ಬ್ಲಾಂಕಾ ಅಡುಗೆಮನೆಯಲ್ಲಿ ಮಡಚುವ ಮಂಚ ಹಾಕಿ, ಬಾಗಿಲು ಮುಚ್ಚಿಕೊಂಡು ಮಲಗತೊಡಗಿದಳು.

“ಆ ಪ್ಲಸ್ ಒಂದು ನಾನೇ ಕಣ್ರೇ,” ಎಂದು ಡಿಪೋದಲ್ಲಿ ಗೆಳತಿಯರನ್ನು ನಗಿಸುತ್ತಿದ್ದಳು.

ಒಂದು ಶನಿವಾರ ಅವಳು ಕೆಲಸದಿಂದ ಬಂದಾಗ ಮೇಸ್ತ್ರಿಯೊಬ್ಬ ಅಡುಗೆಮನೆಯ ಗೋಡೆ ಒಡೆಯುತ್ತಿದ್ದ.

“ಏನಿದು ರಾಡೆಕ್?”

“ಈಗ ಎಲ್ರೂ ಹಾಲ್‌ನಲ್ಲೇ ಅಡುಗೆ ಮೂಲೆ ಮಾಡಿಸ್ಕೊಳ್ತಾರೆ. ಇವೋನಾಗೂ ಅದೇ ಇಷ್ಟ.”

“ನಾನೆಲ್ಲಿ ಮಲಗ್ಲಿ?”

“ಕೋರ್ಟು ಇರು ಅಂದಿದೆ, ಇರು. ಗೋಡೆ ಕಟ್ಸಿಕೊಡು ಅಂತ ನಂಗೇನೂ ಹೇಳಿಲ್ವಲ್ಲ!”

ಮೇಸ್ತ್ರಿ ತಲೆ ತಗ್ಗಿಸಿ, “ಮೇಡಮ್, ಆ ಮಂಚ ಸ್ವಲ್ಪ ಸರಿಸಿದ್ರೆ...” ಎಂದ.

ಅವಳೇ ಸರಿಸಿದಳು.

ಸಂಜೆ ಒಲೆಯ ಪಕ್ಕ ಮಂಚ ಬಿಡಿಸಿ ಮಲಗಿದಳು. ಮಾರುದೂರದ ಸೋಫಾದಲ್ಲಿ ರಾಡೆಕ್, ಇವೋನಾ ಟಿವಿಯಲ್ಲಿ ಐಸ್ ಹಾಕಿ ಪಂದ್ಯ ನೋಡುತ್ತಿದ್ದರು.

“ದೀಪ ಆರಿಸ್ತೀಯಾ? ಬೆಳಗಿನ ಮೊದಲ ಟ್ರಾಮ್ ನಂದು.”

“ಆಟ ಮುಗೀಲಿ,” ಎಂದ ರಾಡೆಕ್. “ನೀನೂ ನೋಡು, ನಿಂಗೆ ಟಿಕೆಟ್ ಕೇಳಲ್ಲ.”

ಇವೋನಾ ನಕ್ಕಳು. ಬ್ಲಾಂಕಾ ಒಲೆಯ ಕಡೆ ಮುಖ ತಿರುಗಿಸಿದಳು.