ಟವರ್ ಉತ್ತರ ಕೊಡುವ ಮೊದಲು

ಗೆಳೆಯರೇ, ಇವತ್ತು ಬೆಳಿಗ್ಗೆ ಫ್ರೇಜರ್ ಟೌನ್‌ನ ಶರೀಫ್ ಅಂಕಲ್ ಮನೆ ಬಾಗಿಲು ಅರ್ಧ ತೆರೆದಿತ್ತು. "ಅಂಕಲ್, ಬರ್ಲಾ?" ಎಂದು ಕೂಗುತ್ತಲೇ ಒಳಗೆ ನುಗ್ಗಿದೆ. ಹೊಸ ತಿಪ್ಪಸಂದ್ರದ ನಮ್ಮ ವಠಾರದಲ್ಲಿ ಎಲ್ಲರೂ ಹೀಗೇ. ಕೂಗಿದರೆ ಸಾಕು, ಉತ್ತರಕ್ಕೆ ಯಾರೂ ಕಾಯುವುದಿಲ್ಲ.

ಹೋದ ತಿಂಗಳು ತೀರಿಕೊಂಡ ಹೆಂಡತಿಯ ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡು ಅಂಕಲ್ ಅಳುತ್ತಿದ್ದರು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಅದನ್ನು ದಿಂಬಿನ ಕೆಳಗೆ ತುರುಕಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವರು ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿದ್ದು ನಿವೃತ್ತರಾದವರು. ಮುಂದಿನ ವಾರ ನನಗೆ ಪ್ರೈವೇಟ್ ಪೈಲಟ್ ಲೈಸೆನ್ಸಿನ ಮೌಖಿಕ ಪರೀಕ್ಷೆ. ವಾಯುಪ್ರದೇಶದ ನಿಯಮಗಳನ್ನು ಅವರೇ ಹೇಳಿಕೊಡುತ್ತಿದ್ದಾರೆ. ಕಣ್ಣೊರೆಸಿಕೊಂಡು ನಕ್ಷೆ ಬಿಡಿಸಿದರು.

"ಇದು ಟವರ್ ಹಿಡಿತದಲ್ಲಿರೋ ಆಕಾಶ. ನೀನು ರೇಡಿಯೋದಲ್ಲಿ ಕರೆದೆ, ಉತ್ತರ ಬರ್ಲಿಲ್ಲ. ಏನ್ ಮಾಡ್ತೀಯಾ, ಬೇಟಾ?"

"ಹೊರಗೇ ಸುತ್ತು ಹಾಕ್ತಾ ಕಾಯ್ತೀನಿ ಅಂಕಲ್. ಪರ್ಮಿಷನ್ ಕೊಡೋವರೆಗೂ ಒಳಗೆ ಹೋಗಲ್ಲ."

"ಆಕಾಶ ಖಾಲಿ ಕಾಣಿಸ್ತಿದ್ರೆ?"

"ಆದ್ರೂ ಹೋಗೋ ಹಾಗಿಲ್ಲ. ಒಳಗೆ ಏನ್ ನಡೀತಿದೆ ಅಂತ ನನಗೆ ಗೊತ್ತಿರಲ್ಲ."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ಆ ದಿಂಬಿನ ಕಡೆ ಹೋಯಿತು. ಅಂಕಲ್ ಬಾಗಿಲ ಕಡೆ ನೋಡಿದರು.

"ಬಾಯಿಪಾಠ ಚೆನ್ನಾಗಿದೆ," ಎಂದರು.

ನಾನು ಎದ್ದು ಹೊರಗೆ ಹೋದೆ. ಬಾಗಿಲು ಎಳೆದುಕೊಂಡು, ಮೆಲ್ಲಗೆ ತಟ್ಟಿ, ಮೆಟ್ಟಿಲ ಮೇಲೆ ಕೂತೆ. ಹತ್ತು ನಿಮಿಷ ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ, ಟವರ್‌ನಲ್ಲಿ ಕೂತವರ ದನಿಯಲ್ಲೇ ಉತ್ತರ ಬಂತು:

"ಈಗ ಬರ್ಬಹುದು."