ಮಿಡಿಗೇಶಿಯಲ್ಲಿದ್ದ ಮದುವೆ

ಮಧುಗಿರಿಯ ನನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟ ಹುಡುಗ ಹೆಲ್ಮೆಟ್ ತೆಗೆಯದೆಯೇ ಕೆಲಸ ಮಾಡುತ್ತಿದ್ದ. ಒಂದೇ ಡಿಸ್ಕಿನೊಳಗೆ ಸಬ್‌ವಾಲ್ಯೂಮ್ ಎಂಬ ಬೇರೆಬೇರೆ ಭಾಗ ಮಾಡಿ, ಅವಕ್ಕೆ ಊರುಗಳ ಹೆಸರಿಡುವುದು ಅವನ ಖಯಾಲಿ. ಆ ಭಾಗವನ್ನು ಒಂದು ಫೋಲ್ಡರಿಗೆ ಜೋಡಿಸಿದರಷ್ಟೇ ಒಳಗಿನದು ಕಾಣುತ್ತದೆ. ಅದಕ್ಕೆ ಮೌಂಟ್ ಎನ್ನುತ್ತಾರೆ. ಅವನು ‘ಬಸ್ ಬುಡೋದು’ ಎನ್ನುತ್ತಿದ್ದ. ನಾನು ಗಾಬರಿಯಾದಾಗಲೆಲ್ಲ, “ಊರು ಎಲ್ಲೂ ಹೋಗಲ್ಲ ಕಣಣ್ಣ” ಎಂದು ನಗುತ್ತಿದ್ದ. ನಾನು ಗಾಬರಿಯಾಗದ ದಿನ ಇರಲಿಲ್ಲ.

ಮದುವೆ ಫೋಟೋಗಳ ಭಾಗಕ್ಕೆ ಕೊರಟಗೆರೆ ಎಂದು ಹೆಸರಿತ್ತು. ಒಂದು ಸಂಜೆ ಬಂದವನೇ, “ಮಿಡಿಗೇಶಿ ಅಂತ ಇಡಾನ ಅಣ್ಣ. ಕೋಟೆ ಐತೆ, ಭದ್ರ” ಎಂದು ಬದಲಾಯಿಸಿ ಹೋದ.

ಮರುದಿನ ಬಲಸಮುದ್ರದ ಹೊಸ ಮದುಮಗಳು ಅಪ್ಪನ ಜೊತೆ ಆಲ್ಬಮ್ಮಿಗೆ ಫೋಟೋ ಆರಿಸಲು ಬಂದು ಕೂತಳು. ಫೋಲ್ಡರ್ ತೆರೆದೆ. ಖಾಲಿ! ಬೇರೆ ಪ್ರತಿ ಇರಲಿಲ್ಲ. ಇಡೀ ಮದುವೆಯನ್ನು ಮತ್ತೆ ಮಾಡಿಸಲು ಇವರು ಒಪ್ಪಿಯಾರೇ ಎಂದು ಯೋಚಿಸುತ್ತಾ ಅವನಿಗೆ ಫೋನ್ ಮಾಡಿದೆ.

ಅವನು ಬಂದು ನೋಡಿ, ಹೆಲ್ಮೆಟ್ಟಿನೊಳಗೇ ಬಿದ್ದುಬಿದ್ದು ನಕ್ಕ. “ಊರು ಎಲ್ಲೂ ಹೋಗಿಲ್ಲ ಕಣಣ್ಣ! ಹೆಸ್ರು ಬದ್ಲಾಯಿಸ್ದೆ, ಕಂಪ್ಯೂಟರ್‌ಗೆ ಹೇಳೋದು ಮರ್ತ್‌ಬುಟ್ಟೆ. ಅದಿನ್ನೂ ಕೊರಟಗೆರೇನೇ ಹುಡುಕ್ತಾ ಐತೆ!”

ಕೀಬೋರ್ಡಿನಲ್ಲಿ ಹೊಸ ಹೆಸರಿನ ಒಂದು ಸಾಲು ಒತ್ತಿದ. ಧಾರೆ, ಆರತಕ್ಷತೆ, ಹೋಳಿಗೆ ಕಚ್ಚುತ್ತಿರುವ ಅಪ್ಪ, ಎಲ್ಲವೂ ಪರದೆಯ ತುಂಬ ಬಂದು ಕೂತವು. ಮದುಮಗಳು ಚಪ್ಪಾಳೆ ತಟ್ಟಿದಳು. ನಾನು ಮೇಜು ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮದುಮಗಳ ಅಪ್ಪನ ಕಣ್ಣು ಅರಳಿತ್ತು. “ಎಲಾ ಇವ್ನ! ಇನ್ನೊಂದ್ ಸಲ ಖಾಲಿ ಮಾಡಿ ತೋರ್ಸಪ್ಪಾ!”

“ಅದಕ್ಕೇನ್ ಯಜಮಾನ್ರೇ!” ಎಂದು ಅವನು ಆಗಲೇ ಒತ್ತತೊಡಗಿದ್ದ. ನಾನು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.