ತಂಬಿಗೆ ತೊಟ್ಟ ಕುಲಾವಿ

ನಮ್ಮ ಮಾನ್ವಿಯ ಮನೆಯಲ್ಲಿ ಒಂದು ಚಳಿಗಾಲ ಬರಿಮೈಯ ವಸ್ತು ಅಂತ ಒಂದೂ ಇರಲಿಲ್ಲ. ರೇಡಿಯೋದ ಮೇಲೆ, ಟ್ರಂಕಿನ ಮೇಲೆ, ಕನ್ನಡಿಯ ಮೇಲೆ, ಅಪ್ಪ ಕೂರುವ ಕುರ್ಚಿಯ ಮೇಲೆ, ಕುಡಿಯುವ ನೀರಿನ ಕೊಡದ ಮೇಲೆ, ಎಲ್ಲೆಲ್ಲೂ ಉಲನ್ನಿನಲ್ಲಿ ಹೆಣೆದ ಬಣ್ಣಬಣ್ಣದ ಚೌಕಗಳು. ಹಿತ್ತಾಳೆಯ ತಂಬಿಗೆಗಂತೂ ಗೊಂಡೆ ಇಟ್ಟ ಕೆಂಪು-ಹಳದಿ ಟೊಪ್ಪಿಗೆ. ಮೈಮೇಲಿನ ಬಟ್ಟೆಯೇ ಭಾರ ಅನ್ನಿಸುವ ಬಿಸಿಲಿನ ಸೀಮೆ ನಮ್ಮದು. ಅಂಥದ್ದರಲ್ಲಿ ತಂಬಿಗೆ ಉಲನ್ ತೊಟ್ಟು ಕೂತಿದ್ದರೆ ನೋಡಿದವರು ನಗದೆ ಇರುತ್ತಾರೆಯೆ? ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ಇಣುಕಿ, "ನಾಳಿ ಎಮ್ಮಿ ಕೋಡಿಗೂ ಹಾಕ್ತಾಳ ನೋಡ್ರಿ ಈಕಿ" ಎನ್ನುತ್ತಿದ್ದರು. ನಗಲಿ ಬಿಡಿ ಎಂದು ನಾನು ಹೆಣೆಯುತ್ತಲೇ ಇದ್ದೆ. ತಂಬಿಗೆಯ ಮೇಲಿದ್ದದ್ದು ಟೊಪ್ಪಿಗೆಯಲ್ಲ, ಹುಟ್ಟಬೇಕಾದ ಕೂಸಿನ ಕುಲಾವಿ ಎನ್ನುವುದು ನನಗೊಬ್ಬಳಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ನಮ್ಮವ್ವನಿಗೆ ಆ ಗಾದೆ ಕೇಳಿದರೆ ಮುಖ ಸಣ್ಣದಾಗುತ್ತಿತ್ತು. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಅವಳ ಮೊದಲ ಬಸುರಿನಲ್ಲಿ ಅವ್ವ ಹಿಗ್ಗಿ ಹೀರೇಕಾಯಿಯಾಗಿ, ಏಳನೇ ತಿಂಗಳಿಗೇ ಕೆಂಪು ಖಣದಲ್ಲಿ ಕುಂಚಿಗೆ, ಕುಲಾವಿ ಎರಡನ್ನೂ ಹೊಲಿದು, ಅಂಚಿಗೆ ಮಣಿ ಕಟ್ಟಿ ಇಟ್ಟಿದ್ದಳು. ಕೂಸು ಹುಟ್ಟಿತು, ಅಳಲಿಲ್ಲ. ಕುಲಾವಿ ಟ್ರಂಕಿನ ತಳ ಸೇರಿತು. ಅವ್ವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ, ಅವಳೇ ತನಗೆ ಅಂದುಕೊಂಡಳು. ಅಂದಿನಿಂದ ಸೂಜಿ ಮುಟ್ಟಲಿಲ್ಲ. ತನ್ನ ಹರಿದ ಕುಪ್ಪಸವನ್ನು ಸಹ ನನ್ನ ಕೈಯಿಂದ ಹೊಲಿಸಿಕೊಳ್ಳುತ್ತಿದ್ದಳು.

ಇದಾಗಿ ಮೂರನೇ ವರ್ಷ ಅಕ್ಕ ಮತ್ತೆ ಬಸುರಾದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹದಿನಾರು. ಮೆಟ್ರಿಕ್‌ನಲ್ಲಿ ಗಣಿತ ಕೈಕೊಟ್ಟು ಮನೆಯಲ್ಲಿ ಕೂತಿದ್ದೆ, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ದಸರೆ ಮುಗಿದ ವಾರ ಅಕ್ಕ ಹೆರಿಗೆಗೆಂದು ಬಂದಳು. ಅವ್ವ ಈ ಸಲ ಬಸುರಿಯ ಮಡಿಲು ತುಂಬುವ ಕುಬಸದ ಕಾರ್ಯ ಬೇಡವೆಂದಳು. ಮನೆಯಲ್ಲಿ ತೊಟ್ಟಿಲ ಮಾತು ಬೇಡ, ಹೆಸರಿನ ಮಾತು ಬೇಡ. ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಹೊಟ್ಟೆಯ ಮೇಲೆ ಕೈ ಕೂಡ ಇಡುತ್ತಿರಲಿಲ್ಲ. ಯಾರಾದರೂ "ಎಷ್ಟರಾಗ ಅದವಾ?" ಎಂದು ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಅದನ್ನು ನೋಡಿ ನನ್ನ ಕರುಳು ಚುರುಕ್ಕೆನ್ನುತ್ತಿತ್ತು, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು. ಕರೆಯದೆ ಬಂದ ಬೀಗರಿಗೂ ಚಹಾ ಕಾಸುವ ಮನೆ ಇದು. ಬರುವ ಕೂಸಿಗೆ ಮಾತ್ರ 'ಬಾ' ಎನ್ನುವವರಿಲ್ಲ. ಅದು ಕಣ್ಣು ಬಿಡುವ ಹೊತ್ತಿಗೆ ಅದರದೇ ಅಂತ ಒಂದು ಕುಲಾವಿ, ಒಂದು ಹೊದಿಕೆ ಸಿದ್ಧವಿರಬೇಕು ಎಂದು ನಾನು ಹಟ ಹಿಡಿದೆ. ಹಟವೇನೋ ಹಿಡಿದೆ, ಎದೆಯಲ್ಲಿ ಅಂಜಿಕೆಯೂ ಇತ್ತು. ಈ ಸಲವೂ ಏನಾದರೂ ಹೆಚ್ಚುಕಡಿಮೆಯಾದರೆ ಅಕ್ಕ ಮತ್ತೆ ಎದ್ದು ನಿಲ್ಲುವುದಿಲ್ಲ, ಆಗ ನನ್ನ ಉಲನ್ನಿನ ಕಡೆಗೇ ಎಲ್ಲರ ಬೆರಳು.

ನನಗೆ ಕ್ರೋಶಾ ಕಲಿಸಿದ್ದು ಗೋಡೆಯಾಚೆ ಮನೆಯ ಖಾಲಾ. ಅವರ ಯಜಮಾನರದು ಸಂತೆಯಲ್ಲಿ ಬೆಲ್ಲದ ವ್ಯಾಪಾರ. ಖಾಲಾ ಮನೆಯ ಗಂಡಸರಿಗೆಲ್ಲ ನಮಾಜಿನ ಬಿಳಿ ಟೋಪಿ ಹೆಣೆಯುತ್ತಿದ್ದರು. ಸೈಕಲ್ಲಿನ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ, ತುದಿಗೆ ಕೊಕ್ಕೆ ಮಾಡಿ ನನಗೊಂದು ಕ್ರೋಶಾ ಕಡ್ಡಿ ಕೊಟ್ಟವರೂ ಅವರೇ. "ಹಲ್ಲೂ ಹಲ್ಲೂ ಬೇಟಿ, ಮೆಲ್ಲಕ ಎಳಿ. ದಾರ ಎಲ್ಲಿಗೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ನಾನು ಮೊದಲು ಹೆಣೆದದ್ದು ಅಪ್ಪನಿಗೆ ಮಫ್ಲರ್. ಪಾಪ, ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಮಗಳು ಹೆಣೆದದ್ದೆಂದು ಅದನ್ನು ಯುಗಾದಿಯ ಬಿಸಿಲಿನಲ್ಲೂ ಕೊರಳಿಗೆ ಸುತ್ತಿಕೊಂಡು ಟಿಕೇಟು ಹರಿದ.

ಖಾಲಾ ಹೆಣೆದ ಟೋಪಿಗೆ ಗಂಜಿ ಹಾಕಿ, ಆಕಾರ ಕೂರಲೆಂದು ಒಂದು ಲೋಟಾದ ಮೇಲೆ ಬೋರಲಾಗಿ ಇಡುತ್ತಿದ್ದರು. ನನ್ನ ತಲೆಗೆ ಹೊಳೆದದ್ದು ಅದನ್ನು ನೋಡಿಯೇ. ಲೋಟಾದ ಮೇಲೆ ಇರುವಷ್ಟು ಹೊತ್ತು ಅದು ಟೋಪಿಯಲ್ಲ, ಲೋಟಾದ ಮುಚ್ಚಳ! ಹಾಗಾದರೆ ತಂಬಿಗೆಯ ಮೇಲಿರುವ ಕುಲಾವಿ ತಂಬಿಗೆಯ ಮುಚ್ಚಳ. ರೇಡಿಯೋದ ಮೇಲೆ ಹಾಸಿದ ಚೌಕ ರೇಡಿಯೋದ ಬಟ್ಟೆ. ಬಿಡಿಬಿಡಿ ಚೌಕಗಳನ್ನು ಕೂಡಿಸುವವರೆಗೆ ಹೊದಿಕೆ ಎಲ್ಲಿಂದ ಬಂತು? ಗಣಿತದಲ್ಲಿ ಹೋದವಳು ನಾನು, ವಾದದಲ್ಲಿ ಹೋದವಳಲ್ಲ.

ಅಪ್ಪನ ಬಸ್ಸು ರಾಯಚೂರಿನಿಂದ ಹೊರಟು ಮಾನ್ವಿಯ ಮೇಲೆ ಪೋತ್ನಾಳಕ್ಕೆ ಹೋಗುತ್ತಿತ್ತು. ರಾಯಚೂರಿನ ಪೇಟೆಯಲ್ಲಿ ಒಂದು ಉಲನ್ ಅಂಗಡಿ. ಒಂದೇ ಬಣ್ಣದಲ್ಲಿ ಸಾಕಷ್ಟು ಉಳಿಯದ ಉಂಡೆಗಳನ್ನು ಆ ಅಂಗಡಿಯವರು ಅಗ್ಗಕ್ಕೆ ಕೊಡುತ್ತಿದ್ದರು. ಗಿಣಿ ಹಸಿರು, ಬದನೆಕಾಯಿ ಬಣ್ಣ, ಅರಿಶಿನ, ಕುಂಕುಮ, ಎಲ್ಲ ಒಂದೇ ಚೀಲದಲ್ಲಿ ಬರುತ್ತಿತ್ತು.

"ಮತ್ತ ಉಲನ್ ಯಾತಕ್ಕವಾ?" ಎಂದು ಅಪ್ಪ ಒಮ್ಮೆ ಕೇಳಿದ.

"ರೇಡಿಯೋದಾಗ ಧೂಳ ಹೋಗಾಕತ್ತೇದ ಯಪ್ಪಾ. ಕೆಟ್ಟ ಮ್ಯಾಲ ನನಗ ಅನಬ್ಯಾಡ."

ರೇಡಿಯೋ ಎಂದರೆ ಅಪ್ಪನಿಗೆ ಪ್ರಾಣ. ಮರುದಿನ ಎರಡು ಚೀಲ ಬಂತು.

ಪ್ರತಿ ಚೌಕವೂ ಒಂದು ಗೇಣು. ನಡುವೆ ಮನಸ್ಸಿಗೆ ಬಂದ ಬಣ್ಣ, ಕೊನೆಯ ಸುತ್ತು ಮಾತ್ರ ಕಪ್ಪು. ನಮ್ಮದು ಬಾಗಲವಾಡದ ಕಡೆ ಕುರಿ ಕಾಯ್ದ ಮನೆತನ, ಕಂಬಳಿಯ ಕಪ್ಪು ಇಲ್ಲದ ಹೊದಿಕೆಯನ್ನು ಹೊದಿಕೆ ಎನ್ನಲು ನನಗೇ ಮನಸ್ಸು ಬರಲಿಲ್ಲ. ಐದು ಸಾಲು, ಸಾಲಿಗೆ ಆರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಅಕ್ಕ ಕೈಕಟ್ಟಿ ಕೂತಿರುವುದನ್ನು ನೋಡಲಾರದೆ ಒಂದು ದಿನ ಕಡ್ಡಿಯನ್ನು ಅವಳ ಮಡಿಲಿಗೆ ಎಸೆದೆ. "ಸುಮ್ಮನ ಯಾಕ ಕುಂತಿ? ನೀರಿನ ಕೊಡಕ್ಕ ಒಂದು ಹಾಕಿಕೊಡು" ಎಂದೆ. ಅಳತೆ ಹೇಳಲಿಲ್ಲ, ಹೇಳಿದರೆ ಗುಟ್ಟು ಬಯಲಾಗುತ್ತದಲ್ಲ. ಅಕ್ಕ ನನ್ನ ಚೌಕವೊಂದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೂರು ದಿನಕ್ಕೆ ಕೊಡದ ಮುಚ್ಚಳ ಆಯಿತು, ಸರಿಯಾಗಿ ಒಂದು ಗೇಣು. ಆಮೇಲೆ ತಾನಾಗಿಯೇ ಟ್ರಂಕಿಗೆಂದು ನಾಲ್ಕು ಹೆಣೆದಳು. ಒಂದು ಟ್ರಂಕಿಗೆ ನಾಲ್ಕು ಚೌಕ ಏಕೆ ಎಂದು ನಾನು ಕೇಳಲಿಲ್ಲ. ನನ್ನ ದೈವ ಚೆನ್ನಾಗಿದೆ ಎಂದುಕೊಂಡೆ, ಅಷ್ಟೆ.

ಸಿಕ್ಕಿಬೀಳುವ ಹೊತ್ತು ಒಮ್ಮೆ ಬಂದೇ ಬಂತು. ಅವ್ವ ಅಡುಗೆಮನೆಯಲ್ಲಿ ತಂಬಿಗೆಯ ಮುಂದೆ ನಿಂತುಬಿಟ್ಟಿದ್ದಳು.

"ಏನಿದು?"

"ತಂಬಿಗಿ ಮುಚ್ಚಳ."

"ಗೊಂಡೆ ಯಾಕ?"

"ಹಿಡದು ತೆಗೀಲಿಕ್ಕ."

"ಈ ಎರಡು ಲಾಡಿ?"

"ತಂಬಿಗಿ ಕೊರಳಿಗೆ ಕಟ್ಟಾಕ. ಗಾಳಿಗಿ ಹಾರಬಾರದಲ್ಲ ಯವ್ವಾ."

ಅವ್ವ ಗೊಂಡೆ ಹಿಡಿದು ತೆಗೆದಳು, ನೀರು ಕುಡಿದಳು, ಮತ್ತೆ ತೊಡಿಸಿದಳು. ಲಾಡಿಯನ್ನು ಕಟ್ಟಲಿಲ್ಲ.

ಸಂಕ್ರಾಂತಿಗೆ ಮೂರ್ನಾಲ್ಕು ದಿನ ಇರುವಾಗ ಮುಂಜಾನೆ ಅಕ್ಕನಿಗೆ ನೋವು ಶುರುವಾಯಿತು. ಆ ವರ್ಷ ನಮ್ಮ ಸೀಮೆಗೂ ಚಳಿ ಬಂದಿತ್ತು, ಹಲ್ಲು ಕಟಕಟ ಎನ್ನುವಂಥದ್ದು. ಒಳಗೆ ನರ್ಸಮ್ಮ, ಅವ್ವ, ಖಾಲಾ. ನಾನು ಅಂಗಳದಲ್ಲಿ ಕಡ್ಡಿ ಹಿಡಿದು ಕೂತೆ. ಏನು ಹೆಣೆದೆನೋ ಗೊತ್ತಿಲ್ಲ, ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಹಿಂದಿನ ಸಲ ಇದೇ ಅಂಗಳದಲ್ಲಿ ನಿಂತು ಅಳುವಿಗಾಗಿ ಕಾದಿದ್ದೆ. ಆ ಮೌನ ನನ್ನ ಕಿವಿಯಲ್ಲಿ ಇನ್ನೂ ಇತ್ತು. ಬಿಸಿಲು ಹೊಸ್ತಿಲಿಗೆ ಬಂತು. ಒಳಗೆ ಅಕ್ಕನ ಕೂಗು ನಿಂತಿತು.

ಅತ್ತಿತು! ಎಂಥ ಅಳು ಅಂತೀರಿ, ಓಣಿಯ ತುದಿಯ ಹಿಟ್ಟಿನ ಗಿರಣಿಯವರೂ ಹೊರಗೆ ಬಂದು ನೋಡಿದರು. ನಾನು ಅಂಗಳದಲ್ಲಿ ಕುಣಿದೆ, ಅತ್ತೆ, ಕೊನೆಗೆ ಕಪ್ಪು ಉಲನ್ನಿನ ಉಂಡೆಯನ್ನು ಮಾಳಿಗೆಯ ಮೇಲಕ್ಕೆ ಎಸೆದೆ. ಯಾಕೆ ಎಸೆದೆನೋ ನನಗೂ ಗೊತ್ತಿಲ್ಲ.

ಅವ್ವ ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಪಡಸಾಲೆಗೆ ಬಂದಳು. ಹೆಣ್ಣುಕೂಸು. ಹಸುಗೂಸಿಗೆ ಹೊಸ ಬಟ್ಟೆ ಹಾಕಬಾರದು, ಬಳಸಿದ್ದನ್ನೇ ಹಾಕಬೇಕು ಎಂಬುದು ನಮ್ಮಲ್ಲಿ ಪದ್ಧತಿ. ಮೈ ಮುಚ್ಚಿತ್ತು, ಆದರೆ ತಲೆ ಬರಿದು, ಇನ್ನೂ ಹಸಿ. ಬಾಗಿಲಿಂದ ಚಳಿಗಾಳಿ ಬೀಸಿ ಕೂಸು ತುಟಿ ನಡುಗಿಸಿತು. ಅವ್ವ ಅತ್ತ ನೋಡಿದಳು, ಇತ್ತ ನೋಡಿದಳು. ಆಮೇಲೆ ಸೀದಾ ಅಡುಗೆಮನೆಗೆ ನಡೆದು, ಗೊಂಡೆ ಹಿಡಿದು ತಂಬಿಗೆಯ ಮೇಲಿನ ಕುಲಾವಿ ತೆಗೆದು ಕೂಸಿನ ತಲೆಗೆ ತೊಡಿಸಿದಳು. ಹುಬ್ಬಿನವರೆಗೂ ಇಳಿಯಿತು.

ಹಿಂದೆಯೇ ಬಂದ ಖಾಲಾ, "ಅರೇ, ಹೊಸಾದು ಹಾಕಿದಿ?" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಹೊಸಾದು ಎಲ್ಲಿ ಅದ?" ಎಂದಳು ಅವ್ವ. "ಮೂರು ತಿಂಗಳು ತಂಬಿಗಿ ಉಟ್ಟು ಬಿಟ್ಟದ್ದು ಇದು."

ಎರಡೂ ಲಾಡಿಗಳನ್ನು ಗದ್ದದ ಕೆಳಗೆ ತಾನೇ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ. ತುಟಿ ಬಿಗಿಹಿಡಿದು ನಗು ತಡೆದಿದ್ದಳು, ಕಣ್ಣೀರು ಮಾತ್ರ ತಡೆಯಲು ಆಗಿರಲಿಲ್ಲ. ವಾದದಲ್ಲಿ ನನ್ನ ಗುರು ನಮ್ಮ ಮನೆಯಲ್ಲೇ ಇದ್ದಳೆಂದು ನನಗೆ ಆವತ್ತು ತಿಳಿಯಿತು.

ಇನ್ನು ನನ್ನನ್ನು ಹಿಡಿಯುವವರು ಯಾರು? ಮನೆಯನ್ನೆಲ್ಲ ಬೋಳಿಸಿಬಿಟ್ಟೆ. ರೇಡಿಯೋದ್ದು ಎಳೆದೆ, ಕನ್ನಡಿಯದ್ದು ಎಳೆದೆ, ಕುರ್ಚಿಯಲ್ಲಿ ಕೂತಿದ್ದ ಅಪ್ಪನನ್ನು ಎಬ್ಬಿಸಿ ಅವನ ಅಡಿಯಿಂದಲೂ ಎಳೆದೆ. ಮೊಮ್ಮಗಳನ್ನು ನೋಡಲು ಸೀಟಿ ಊದುತ್ತಲೇ ಬಂದಿದ್ದ ಅಪ್ಪ, "ಮನಿಗೆ ಕಳ್ಳರು ಬಿದ್ದಾರೇನಬೇ!" ಎಂದು ಗಾಬರಿಯಾದ. ಎಲ್ಲವನ್ನೂ ಒಗೆದು ಒಣಗಿಸಿ, ಕಪ್ಪು ದಾರದಿಂದ ಅಂಚಿಗೆ ಅಂಚು ಕೂಡಿಸುತ್ತ ಹೋದೆ. ಐದನೆಯ ದಿನ ಕೊನೆಯ ಸಾಲಿಗೆ ಬಂದಾಗ ನೋಡುತ್ತೇನೆ, ಮೂಲೆಯಲ್ಲಿ ಒಂದು ಜಾಗ ಖಾಲಿ. ಮೂವತ್ತು ಇರಬೇಕಾದಲ್ಲಿ ಇಪ್ಪತ್ತೊಂಬತ್ತೇ ಚೌಕ! ತಂಬಿಗೆಯ ಕುಲಾವಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಕೂತಿದ್ದೆ ನಾನು. ಬಣ್ಣದ ಉಲನ್ ಒಂದು ಮಾರೂ ಉಳಿದಿರಲಿಲ್ಲ. ಸಿಟ್ಟಿನಿಂದ ನನ್ನ ಹಣೆ ನಾನೇ ಬಡಿದುಕೊಂಡೆ.

ಮಂಚದ ಮೇಲೆ ಕೂಸಿಗೆ ಹಾಲೂಡುತ್ತಿದ್ದ ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಕೈಯನ್ನು ದಿಂಬಿನ ಕೆಳಗೆ ಹಾಕಿ, ಒಂದು ಚೌಕವನ್ನು ಹೊರಗೆ ತೆಗೆದಳು. ಅಚ್ಚ ಅರಿಶಿನದ ಬಣ್ಣ, ಸುತ್ತಲೂ ಕಪ್ಪು ಅಂಚು, ಸರಿಯಾಗಿ ಒಂದು ಗೇಣು.

"ಇದು ಎದರ ಮುಚ್ಚಳ?" ಎಂದೆ.

"ಯಾವುದರದೂ ಅಲ್ಲ" ಎಂದಳು. "ಇದನ್ನ ಕೂಸಿಗೇ ಅಂತ ಹಾಕೀನಿ."

ಅಕ್ಕ ಹೇಳುತ್ತಲೇ ಹೋದಳು. "ಟ್ರಂಕಿಗೆ ನಾಕು ಚೌಕ ಯಾರರ ಹಾಕ್ತಾರೇನ? ನೀ ಏನು ಮಾಡಾಕತ್ತೀದಿ ಅಂತ ಮೊದಲನೇ ದಿನಾನೇ ನನಗ ತಿಳದಿತ್ತು. ದಿನಾ ಕುಂತಲ್ಲೇ ಎಣಸ್ತಿದ್ದೆ. ಇಪ್ಪತ್ತೊಂಬತ್ತಕ್ಕ ಸಾಲು ಕೂಡಂಗಿಲ್ಲ, ಒಂದು ಕಡಿಮಿ ಬೀಳ್ತದಂತ ಗೊತ್ತಿತ್ತು. ಗಣಿತದಾಗ ಹೋದಾಕಿ ನೀನು, ನಾನಲ್ಲ."

ಅವಳು ನಕ್ಕಳು, ಮೂರು ವರ್ಷಗಳ ಮೇಲೆ. ನನಗೆ ದುಃಖ ಉಕ್ಕಿ ಬಂತು. ನಾನು ಇಷ್ಟು ದಿನ ಧೈರ್ಯವಂತೆ ನಾನೇ ಎಂದು ಬೀಗಿದ್ದೆ. ನನ್ನ ಇಪ್ಪತ್ತನಾಲ್ಕು ಚೌಕಗಳೂ ಬೇರೆ ಯಾವುದೋ ವಸ್ತುವಿನ ಹೆಸರು ಹೇಳಿಕೊಂಡು ಬದುಕಿದ್ದವು. ಸೋಗು ಹಾಕದೆ, ಕೂಸಿಗೆಂದೇ ಹುಟ್ಟಿದ್ದು ಇದೊಂದೇ. ಅದನ್ನು ಹೆಣೆದವಳು ಹೊಟ್ಟೆಯ ಮೇಲೆ ಕೈ ಇಡಲೂ ಅಂಜುತ್ತಿದ್ದ ನನ್ನ ಅಕ್ಕ.

ಹನ್ನೆರಡನೆಯ ದಿನ ದೇವದುರ್ಗದ ಬೀಗರು ಬಂದರು. ಮೊದಲು ಕರಿಕಂಬಳಿ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿ, ಅವ್ವ ನಮ್ಮ ಮೂವತ್ತು ಚೌಕಗಳ ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ಝಾಡಿಸಿ ಹೊದಿಸಿದಳು. ಎಮ್ಮೆ ಕೋಡಿನ ಮಾತಾಡಿದ್ದ ಓಣಿಯ ಹೆಂಗಸರೆಲ್ಲ ಅಂಚು ಮುಟ್ಟಿ ಮುಟ್ಟಿ ನೋಡಿದರು. ಅಕ್ಕನ ಅತ್ತೆ ಬೆರಗಾಗಿ, "ಹನ್ನೆರಡು ದಿನದಾಗ ಇಷ್ಟು ಹೆಂಗ ಹೆಣದ್ರಿ?" ಎಂದರು.

ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗು ಸರಿಮಾಡಿಕೊಂಡು ನಿಂತಳು. "ಹನ್ನೆರಡು ದಿನದಾಗ ಎಲ್ಲಿ ಆಗ್ತದರೀ? ಕೂಸು ಹುಟ್ಟೂ ಮೊದಲ ಹೆಣದೀವಿ!" ಎಂದು ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು. ಒಂದು ಕುಣಿಕೆಯನ್ನೂ ಹಾಕದವಳು 'ಹೆಣದೀವಿ' ಎಂದಳಲ್ಲ ಎಂದು ನನಗೆ ನಗು ಬಂತು. ಆ ಮಾತಿನ ಮೇಲೆ ನನಗಿಂತ ಅವಳದೇ ಹಕ್ಕು ಹೆಚ್ಚು ಎಂದೂ ಅನ್ನಿಸಿತು.

ಸಂಜೆ ಬೀಗರು ಬಸ್ಸು ಹತ್ತಿದ ಮೇಲೆ ಅವ್ವ ನೀರು ಕುಡಿಯಲು ಅಡುಗೆಮನೆಗೆ ಹೋದಳು. ತಂಬಿಗೆ ಎತ್ತಿಕೊಂಡು ಬಾಗಿಲಿಗೆ ಬಂದು ನನ್ನನ್ನು ಕರೆದಳು.

"ತಂಬಿಗಿ ಬೋಳು ಬೋಳು ಕಾಣಾಕತ್ತೇದ. ಅಪ್ಪಗ ಹೇಳಿ ಉಲನ್ ತರಸು. ಇನ್ನೊಂದು ಕುಲಾವಿ ಹಾಕಿಡು."

ಮುಚ್ಚಳ ಎನ್ನಲಿಲ್ಲ, ಕುಲಾವಿ ಎಂದಳು. ಎಂಬತ್ತರ ದಶಕದಲ್ಲಿ ಆ ತಂಬಿಗೆಯಿಂದ ಇಳಿದು ಮತ್ತೆ ಮೂರು ತಲೆಗಳನ್ನು ಕುಲಾವಿಗಳು ಏರಿದವು, ಕೊನೆಯದು ನನ್ನ ಮಗನ ತಲೆ. ಪ್ರತಿ ಸಲವೂ ಬಣ್ಣ ಆರಿಸಿದವಳು ಅವ್ವನೇ.